ಗೋಡೆ ಮುಟ್ಟಿದ ಬಲಗೈ

ಶಿಡ್ಲಘಟ್ಟ
ಆಗಸ್ಟ್ 22, 2006

ಪ್ರೀತಿಯ ತಂಗಿ ಯಾಮಿನಿಗೆ,

ಅಣ್ಣನ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ಹತ್ತು ದಿನವಾಯಿತು. ತಡವಾದದ್ದಕ್ಕೆ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು, ಆದರೆ ರೇಷ್ಮೆಗೂಡಿನ ಮಾರುಕಟ್ಟೆಯ ಕೆಲಸವನ್ನು ಹೋದ ವಾರವೇ ಬಿಟ್ಟಿದ್ದೇನೆ. ಏನು ಬರೆಯಬೇಕೆಂದು ತೋಚಲಿಲ್ಲ, ಅಷ್ಟೇ. ಕ್ಷಮಿಸು.

ನೀನು ಸಹಿಗೆ ಕಳಿಸಿದ ಮೇಲ್ಮನವಿಯನ್ನು ಮೂರು ಸಲ ಓದಿದೆ. ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ಕೊನೆಯಲ್ಲಿ ನೀನು ನಿಯಮದಂತೆ ಎರಡೂ ಕೈಗಳನ್ನು ಒಟ್ಟಿಗೆ ಗೋಡೆಗೆ ತಾಗಿಸಿದೆಯಂತೆ. ಎರಡನೆಯವಳಾಗಿ ಬಂದ ಹರಿಣಿಯನ್ನು ಗೆಲ್ಲಿಸಲು ತೀರ್ಪುಗಾರರು ನಿನ್ನನ್ನು ಅನರ್ಹಗೊಳಿಸಿದರಂತೆ. ಇದನ್ನು ಕಣ್ಣಾರೆ ಕಂಡ ಸಾಕ್ಷಿಗಳು ನಾನು ಮತ್ತು ಮುನಿವೆಂಕಟಪ್ಪ ಮಾವ! ಆವತ್ತು ನಾನೇನೋ ಅಲ್ಲೇ ಇದ್ದೆ, ಮಾವ ಮಾತ್ರ ಚಿಂತಾಮಣಿಯಲ್ಲಿ ಯಾರದೋ ಗೃಹಪ್ರವೇಶದಲ್ಲಿ ಹೋಳಿಗೆ ತಿನ್ನುತ್ತಿದ್ದರು. ಅಲ್ಲಿಂದಲೇ ಬೆಂಗಳೂರಿನ ಈಜುಕೊಳ ಕಾಣುವಷ್ಟು ಚುರುಕು ಅವರ ಕಣ್ಣು.

ಭಾನುವಾರ ಊರಿಗೆ, ಮಂಡಿಕಲ್‌ಗೆ ಹೋದರೆ, ಮಾವ ಪೆನ್ನು ಹಿಡಿದುಕೊಂಡೇ ಕೂತಿದ್ದರು.

"ಹಾಕಪ್ಪ ಇಲ್ಲಿ."

"ಮುಟ್ಟಿದ್ದು ಒಂದೇ ಕೈ ಮಾವ. ಬಲಗೈ."

"ಏಮ್ರಾ, ಗೋಡೆ ಮುಟ್ಟಕ್ಕೆ ಎಷ್ಟು ಕೈ ಬೇಕೋ? ನಮ್ ಬಾವೀಲಿ ಒಂದೇ ಅಲ್ವೇನೋ?"

"ಹಂಗಾದ್ರೆ ಅರ್ಜೀಲೂ ಒಂದೇ ಅಂತ ಬರೀರಿ."

"ಹತ್ತನೇ ಕ್ಲಾಸ್ ಮುಗಿಸಕ್ಕಾಗ್ದಿರೋನು ಲಾಯರ್ ಥರ ಮಾತಾಡ್ತಾನೆ ನೋಡು," ಎಂದು ಅಮ್ಮ ಒಳಗಿನಿಂದಲೇ ಕೂಗಿದಳು.

ಮಾವನ ಬಾಯಿಂದ ಬಂದ ನಿಜ ಆ ಬಾವಿಯ ಮಾತೊಂದೇ. ನಮ್ಮ ಬಾವಿಯಲ್ಲಿ ಗೋಡೆಯಿಂದ ಚಾಚಿದ ಮೆಟ್ಟಿಲುಕಲ್ಲನ್ನು ಮೊದಲು ಹಿಡಿದವರೇ ಗೆದ್ದಂತೆ, ಆ ಕಲ್ಲಿನ ಮೇಲೆ ಒಂದು ಕೈಗಷ್ಟೇ ಜಾಗ. ನಿನಗೆ ಅದನ್ನು ಕಲಿಸಿದವನು ನಾನು. ಕ್ರೀಡಾ ಹಾಸ್ಟೆಲಿನ ಒಂಬತ್ತು ವರ್ಷ, ಎರಡು ರಾಜ್ಯ ದಾಖಲೆ, ಮೂರು ರಾಷ್ಟ್ರೀಯ ಪದಕ ಆದಮೇಲೂ ಹರಿಣಿ ಪಕ್ಕಕ್ಕೆ ಬಂದ ಕೂಡಲೇ ನಿನ್ನ ಬಲಗೈ ಆ ಕಲ್ಲನ್ನೇ ಹುಡುಕಿತು. ಅದಕ್ಕೆ ನನಗೆ ದುಃಖವಿದೆ, ನಾಚಿಕೆಯಿಲ್ಲ. ನಾಚಿಕೆಯಾಗುವುದು ಈ ಕಾಗದವನ್ನು ನೋಡಿ. "ಹಳ್ಳಿಯ ಹುಡುಗಿಗೆ ಅನ್ಯಾಯ" ಎಂದು ಬರೆಸಿದ್ದೀಯ. ಇದೇ ತೀರ್ಪುಗಾರರು ನಾಲ್ಕು ಸಲ ನಿನಗೆ ಮೊದಲ ಸ್ಥಾನ ಕೊಟ್ಟಾಗ ನೀನು ಯಾವ ಊರಿನವಳಾಗಿದ್ದೆ?

ನಾನು ಸಹಿ ಹಾಕದಿದ್ದರೆ ರಾಜ್ಯ ತಂಡದಲ್ಲಿ ನಿನ್ನ ಜಾಗ ಹೋಗುತ್ತದೆ, ಕ್ರೀಡಾ ಕೋಟಾದ ನೌಕರಿಯೂ ಕೈತಪ್ಪಬಹುದು ಎಂದಿದ್ದೀಯ. ಹೋಗಲಿ. ಮುಂದಿನ ವರ್ಷ ಈಜಿ ತಗೋ. ಸುಳ್ಳು ಬರೆದು ಹರಿಣಿಯ ಜಾಗ ಕಿತ್ತುಕೊಂಡು ಅದಕ್ಕೆ ಹಾರ ಹಾಕಿಸಿಕೊಳ್ಳುವುದು ಮಾವನಂಥವರ ಕಸುಬು. ಆ ಕಾಗದ ಸಹಿಯಿಲ್ಲದೆ ಇದರ ಜೊತೆಗೇ ಬರುತ್ತಿದೆ.

ಮಂಡಿನೋವಿಗೆ ಶಾಖ ಕೊಡುವುದನ್ನು ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಮೋಹನ್‌ಬಾಬು

ತಾ.ಕ.: ಆವತ್ತು ಈಜುಕೊಳದ ಹೊರಗೆ ಒದ್ದೆ ಕೂದಲಲ್ಲೇ ನನ್ನ ಅಂಗಿ ಹಿಡಿದುಕೊಂಡು, "ಒಂದೇ ಕೈ ಕಣಣ್ಣ, ಮುಟ್ಟಿದ ತಕ್ಷಣ ನಂಗೇ ಗೊತ್ತಾಯ್ತು," ಎಂದು ಅತ್ತವಳು ನೀನೇ. ಇದನ್ನು ನಾನು ಮಾವನಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಅರ್ಜಿಯಲ್ಲಿರುವ ಸುಳ್ಳು ಈಜು ಸಂಘದವರಿಗೆ. ಆದರೆ ನನಗೆಂದೇ ಬರೆದ ಪತ್ರದಲ್ಲೂ "ಎರಡೂ ಕೈ ಮುಟ್ಟಿತ್ತಲ್ಲಣ್ಣ" ಎಂದು ಬರೆದಿದ್ದೀಯ. ನನಗೂ ಹಾಗೆ ಬರೆಯಬೇಕಿತ್ತೇನೇ?