ನಾನೇ ಹೊಡೆದುಹಾಕಿದ ಆ ಒಂದು ಸಾಲು

ಮಾನ್ಯ ನಿರ್ದೇಶಕರೇ,

ತಮ್ಮ ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ವಂಶವಾಹಿ ಪರೀಕ್ಷೆಯ ವರದಿ ಬರೆಯುತ್ತಿರುವ ನಾನು, ತಮ್ಮ ಸುತ್ತೋಲೆಯನ್ನು ಚಾಚೂ ತಪ್ಪದೆ ಪಾಲಿಸಿ ಒಂದು ಮಗುವನ್ನು ಸುಳ್ಳುಗಾತಿ ಮಾಡಿದ್ದೇನೆ. ಆ ನಾಚಿಕೆಯನ್ನು ಒಬ್ಬಳೇ ನುಂಗಲಾರದೆ ಹತ್ತು ಜನ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಜೀವಕೋಶಗಳಲ್ಲಿ ಸಂದೇಶ ದಾಟಿಸುವ ಪ್ರೋಟೀನುಗಳಿವೆ. ಅದೇ ಕುಟುಂಬದಲ್ಲಿ ಹುಟ್ಟಿ, ಅವುಗಳಂತೆಯೇ ಕಂಡರೂ, ತಾವಾಗಿ ಸಂದೇಶ ದಾಟಿಸಲಾರದವು ಕೆಲವಿವೆ. ಇವನ್ನು ನಾವು 'ಸತ್ತವು' ಎನ್ನುತ್ತೇವೆ. ಸತ್ತವುಗಳ ವಂಶವಾಹಿಯಲ್ಲಿ ಕಂಡ ದೋಷ ವರದಿಯಲ್ಲಿ ಬರಕೂಡದೆಂದು ತಮ್ಮ ಅಪ್ಪಣೆ, ವರದಿ ಚೊಕ್ಕವಾಗಿರಬೇಕಲ್ಲ! ಕರಡಿನಲ್ಲಿ ಅಂಥ ಸಾಲು ಕಂಡರೆ ಕೆಂಪು ಪೆನ್ಸಿಲಿನಿಂದ ಹೊಡೆದು ಪಕ್ಕದಲ್ಲಿ ಸಹಿ ಹಾಕುವುದು ನನ್ನ ಕೆಲಸ. ಆದರೆ ಅವು ಸತ್ತಿಲ್ಲ ಸ್ವಾಮಿ. ಗರ್ಭದಲ್ಲಿ ನರವು ಸ್ನಾಯುವಿಗೆ ಕೂಡಿಕೊಳ್ಳುವಾಗ, ದುಡಿಯುವ ಪ್ರೋಟೀನನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುವುದು ಇಂಥದ್ದೇ ಒಂದು. ಏಣಿ ಹತ್ತಿದವನಷ್ಟೇ ಕೆಲಸಗಾರ, ಏಣಿ ಹಿಡಿದವನು ದಂಡಪಿಂಡ ಎಂದರೆ ಹೇಗೆ? ಇದೆಲ್ಲ ಪುಸ್ತಕಗಳಲ್ಲಿ ಬಂದು ಎಷ್ಟೋ ಕಾಲವಾಯಿತು, ತಮ್ಮ ಸುತ್ತೋಲೆಗೆ ಮಾತ್ರ ಸುದ್ದಿ ಮುಟ್ಟಿಲ್ಲ. ನನಗೆ ಮುಟ್ಟಿತ್ತು. ಓದಿಯೂ ಹೊಡೆಯುತ್ತಿದ್ದೆ.

ನನ್ನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಮೆಟ್ಟಿಲ ಅರ್ಧದಲ್ಲೇ ಕೂತುಬಿಡುತ್ತಿದ್ದಳು, ಸಂಜೆಯಾದರೆ ರೆಪ್ಪೆ ಎತ್ತಲಾರಳು. ಮೂರು ವರ್ಷದ ಹಿಂದೆ ಅವಳ ರಕ್ತ ನಮ್ಮಲ್ಲಿಗೇ ಬಂತು. ಮಾದರಿಗಳಿಗೆ ಹೆಸರಿಲ್ಲ, ಬರೀ ನಂಬರು. ಯಾವುದು ಅವಳದೆಂದು ನನಗೆ ತಿಳಿಯದು. 'ದೋಷ ಕಂಡುಬಂದಿಲ್ಲ' ಎಂದು ವರದಿ ಹೋಯಿತು. ದೋಷವಿಲ್ಲದ ಮೇಲೆ ಇನ್ನೇನು, ಸೋಮಾರಿತನ! ಅಕ್ಕ ಬೈದಳು, ಟೀಚರು ಮೈದಾನ ಸುತ್ತಿಸಿದರು. "ನಾಟಕ ಸಾಕು, ಎದ್ದೇಳು" ಎಂದು ನಾನೂ ಗದರಿದ್ದೆ.

ಕಳೆದ ತಿಂಗಳು ಹೊಸ ವೈದ್ಯೆಯೊಬ್ಬರು ಆ ಹಳೆಯ ಕರಡನ್ನು ತರಿಸಿದರು. ಅಕ್ಕ, ಮಗಳು, ನಾನು ಎದುರಿಗಿದ್ದಾಗ ಅವರು ಮೇಜಿನ ಮೇಲೆ ಹಾಳೆ ಬಿಡಿಸಿದರು: ಏಣಿ ಹಿಡಿಯುವ ಆ ಪ್ರೋಟೀನಿನ ದೋಷ ಬರೆದ ಸಾಲಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ನನ್ನ ಸಹಿ.

"ಇದನ್ನ ಯಾರು ಹೊಡ್ದಿದ್ದು?" ಎಂದಳು ಅಕ್ಕ.

"ನಾನೇ ಅಕ್ಕ."

ಅಕ್ಕ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಗಳು ನನ್ನ ಕಡೆ ತಿರುಗಿ ಕೇಳಿದಳು: "ಚಿಕ್ಕಮ್ಮ, ಹಾಗಾದ್ರೆ ನಾನು ಸುಳ್ಳು ಹೇಳ್ತಿರ್ಲಿಲ್ಲ ಅಲ್ವಾ?"

ಈಗ ಗುಳಿಗೆ ಶುರುವಾಗಿದೆ. ಮೊನ್ನೆ ನಿಲ್ಲದೆ ಮೆಟ್ಟಿಲು ಹತ್ತಿದಳು. ನಾನು ಕೆಳಗೇ ನಿಂತಿದ್ದೆ, ಮುಖ ಎತ್ತಲಾಗಲಿಲ್ಲ.

ಸುತ್ತೋಲೆಯನ್ನು ರದ್ದು ಮಾಡಿ. ನೆಲಮಾಳಿಗೆಯ ಕಪಾಟುಗಳಲ್ಲಿರುವ ಕರಡುಗಳನ್ನೆಲ್ಲ ಮತ್ತೆ ಓದಿಸಿ. ಬೇಕಾದರೆ ನಾನೇ ರಜೆಯ ದಿನ ಬಂದು ಓದುತ್ತೇನೆ. ತಿದ್ದಿದ ವರದಿ ಆಯಾ ಮನೆಗೆ ಹೋಗಲಿ, ಕೊನೆಯಲ್ಲಿ ಒಂದು ಸಾಲಿರಲಿ: 'ನಿಮ್ಮ ಮಗು ಸುಳ್ಳು ಹೇಳಿರಲಿಲ್ಲ.' ಅದನ್ನು ಹೊಡೆದುಹಾಕಬೇಡಿ.

ಇಂತಿ,
ಕೆಂಪು ಪೆನ್ಸಿಲನ್ನು ಈ ಪತ್ರಕ್ಕೆ ಲಗತ್ತಿಸಿರುವ
ಒಬ್ಬ ಚಿಕ್ಕಮ್ಮ