ಚಾಚೋ ಅಂದಳು ನಿನ್ನ ಮೊಮ್ಮಗಳು

ಮಣ್ಣಿನಡಿ ಮಲಗಿರುವ ನನ್ನ ಅವ್ವನಿಗೆ,

ನಿನ್ನ ಮಾತು ಮೀರಿದೆ. "ನಮ್ಮವರಲ್ಲದ ಗಾಜೋ ಜನರೆದುರು ನಮ್ಮ ರೋಮಾನಿ ಮಾತು ಆಡಬೇಡ್ವೇ, ಸ್ಲೊವಾಕ್ ಮಾತಾಡು, ಇಲ್ಲಾ ಬಾಯಿ ಮುಚ್ಕೊಂಡಿರು" ಅನ್ನುತ್ತಿದ್ದೆಯಲ್ಲ. ಹಾಗಿದ್ದು ನಿನಗೆ ಸಿಕ್ಕಿದ್ದೇನು? ಮಂದಬುದ್ಧಿಯವರ ಶಾಲೆ. ಆಮೇಲೆ ಜೀವನಪೂರ್ತಿ ಹೋಟೆಲಿನ ಹಿಂಬದಿಯಲ್ಲಿ ಆಲೂಗಡ್ಡೆ ಸುಲಿಯುವ ಕೆಲಸ.

ನನ್ನ ಸಿಡೋನ್ಯಾಳನ್ನು ಒಂದನೇ ತರಗತಿಗೆ ಸೇರಿಸಲು ಕರೆದೊಯ್ದಿದ್ದೆ. ಪರೀಕ್ಷೆ ಮಾಡುವ ಹೆಂಗಸು, "ಹಿಮ ಬೆಳ್ಳಗಿರುತ್ತೆ, ಅಲ್ವಾ ಪುಟ್ಟಿ?" ಎಂದು ಕೇಳಿದಳು. ಮಗು ಖುಷಿಯಿಂದ "ಚಾಚೋ!" ಅಂದಳು. ನಿಜ ಅಂತ. ಆ ಹೆಂಗಸಿಗೆ ಅದು ಬರೀ ತೊದಲು. ವಾರದೊಳಗೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ, ನೀನು ಹೋಗಿದ್ದ ಅದೇ ಶಾಲೆಗೆ ಮಗಳನ್ನೂ ಕಳಿಸಲು ರುಜು ಹಾಕು ಅಂದರು.

"ಹಾಕಲ್ಲ" ಅಂದೆ.

"ಮಗೂಗೆ ನೆಟ್ಟಗೆ ಒಂದು ಪದ ಬರಲ್ಲ ಕಣಮ್ಮ. ನಿಮ್ಮದೂ ಒಂದು ಭಾಷೆಯಾ? ಅಲ್ಲಿ ಇಲ್ಲಿ ಕದ್ದು ತಂದದ್ದು."

ಹೋದ ಚಳಿಗಾಲ ಪ್ರೆಶೋವ್ ಪಟ್ಟಣದಲ್ಲಿ, ನಮ್ಮವಳೇ ಆದ ಎಲ್ವೀರಾ ಟೀಚರ್ ನಮ್ಮ ಭಾಷೆಯ ಬಗ್ಗೆ ಹೇಳಿಕೊಟ್ಟಿದ್ದೆಲ್ಲ ನನ್ನ ನಾಲಿಗೆಗೆ ಬಂತು ಅವ್ವಾ.

"ಕದ್ದದ್ದಲ್ಲ ಮೇಡಂ. ಭಾರತದಲ್ಲಿ ಸತ್ಯ ಅಂತಿದ್ರು. ಅಲ್ಲಿನ ಸಾಮಾನ್ಯ ಜನರ ಬಾಯಲ್ಲಿ ಅದು ಸಚ್ಚ ಆಯ್ತು, ನಮ್ಮ ಹಿರಿಯರ ಬಾಯಲ್ಲಿ ಚಾಚೋ. ನಿಜವಾದವನು ಚಾಚೋ, ನಿಜವಾದವಳು ಚಾಚೀ. ಪರ್ಷಿಯಾ ದಾಟಿ, ಗ್ರೀಕರ ನಾಡು ದಾಟಿ ಬಂದ್ವಿ. ದಾರೀಲಿ ಬೇರೆಯವರ ಪದಾನೂ ತಗೊಂಡ್ವಿ, ಒಪ್ತೀನಿ. ಇದು ಮಾತ್ರ ನಾವು ಮನೆಯಿಂದಲೇ ತಂದದ್ದು."

"ನಂಗೇ ಪಾಠ ಮಾಡ್ತೀಯಾ? ಪೊಲೀಸರನ್ನ ಕರೀಲಾ?"

"ಕರೀರಿ. ಮಗು ಸರಿಯಾಗೇ ಉತ್ತರ ಹೇಳಿದ್ಲು, ಕೇಳಿಸ್ಕೊಳ್ಳೋಕೆ ನಿಮಗೆ ಬರಲಿಲ್ಲ ಅಂತ ಅವರೆದುರೇ ಹೇಳ್ತೀನಿ."

ಕೂತಲ್ಲಿಂದ ನಾನು ಏಳಲಿಲ್ಲ. ಕೊನೆಗೆ ಮರುಪರೀಕ್ಷೆಗೆ ಒಪ್ಪಿದರು. ಎಲ್ವೀರಾ ಬಂದು ನಮ್ಮ ಮಾತಿನಲ್ಲೇ ಪ್ರಶ್ನೆ ಕೇಳಿದಳು. ಸಿಡೋನ್ಯಾ ಎಲ್ಲಕ್ಕೂ ಉತ್ತರ ಕೊಟ್ಟು, "ಇಷ್ಟೇನಾ?" ಅಂದಳಂತೆ! ಈಗ ಒಂದನೇ ತರಗತಿಯಲ್ಲಿದ್ದಾಳೆ. ಬೆಂಚಿನಲ್ಲಿ ಪಕ್ಕದ ಹುಡುಗಿ ದೂರ ಸರಿದು ಕೂರುತ್ತಾಳೆ. "ನಂಗೆ ಜಾಗ ಜಾಸ್ತಿ ಆಯ್ತು" ಅನ್ನುತ್ತಾಳೆ ಇವಳು.

ನಿನ್ನೆ ನಮ್ಮ ಕೇರಿಯ ಮಾರ್ಗಿಟಾ ಮಗನ ಕೈ ಹಿಡಿದು ಬಾಗಿಲಿಗೆ ಬಂದಳು. "ಇವನನ್ನೂ ಆ ಮಂದಬುದ್ಧಿಯವರ ಶಾಲೆಗೇ ಹಾಕ್ತಾರಂತೆ ಕಣೇ. ನನ್ನ ಜೊತೆ ಬರ್ತೀಯಾ?" ಅವಳ ಹಿಂದೆ ಇನ್ನಿಬ್ಬರು ತಾಯಂದಿರು ನಿಂತಿದ್ದರು. ಸೋಮವಾರ ಎಲ್ಲರೂ ಒಟ್ಟಿಗೆ ಆ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗುತ್ತೇವೆ. ಕುರ್ಚಿ ಸಾಲದಿದ್ದರೆ ನೆಲದ ಮೇಲೆ ಕೂರುತ್ತೇವೆ.

ದೇವರ ಹತ್ತಿರ ನೆಮ್ಮದಿಯಾಗಿರು ಅವ್ವಾ. ನನ್ನನ್ನು ಬೈಯಬೇಕೆನಿಸಿದರೆ ಬೈದುಕೋ, ಆಮೇಲೆ ನಮ್ಮನ್ನೆಲ್ಲ ಹರಸು.

ನಿನ್ನ ಹಟಮಾರಿ ಮಗಳು,
ಅರಾಂಕಾ