ಸೆರಗಿನ ಹಿಂಬದಿ

ಅವ್ವಾ,

ಶನಿವಾರ, ರವಿವಾರ ಮಗ್ಗ ನಿಲ್ಲಿಸಿ ನಾನೂ ಇವರೂ ಮಹಾಬಳೇಶ್ವರಕ್ಕೆ ಹೋಗಿದ್ದೆವು. ನೀನು ತೀರಿಕೊಂಡ ಮೇಲೆ ಇದೇ ಮೊದಲ ಪ್ರವಾಸ. ನಮ್ಮ ರಬಕವಿಯ ಹೊಳೆ ಕೃಷ್ಣೆ ಅಲ್ಲಿ ಹುಟ್ಟುವಾಗ ಬೊಗಸೆಯಷ್ಟೇ ಇದ್ದಾಳೆ.

ಬೆಳಿಗ್ಗೆ ಎಲ್ಲರೂ ಮಂಜು ಸರಿಯಲೆಂದು ಕಣಿವೆಯ ಅಂಚಿನಲ್ಲಿ ಕಾಯುತ್ತಿದ್ದರು. ನನ್ನ ಕಣ್ಣು ಮಾತ್ರ ಮುಂದೆ ನಿಂತಿದ್ದ ಹೆಂಗಸಿನ ಸೀರೆಯ ಮೇಲೆ. ನನಗೇ ತಿಳಿಯದಂತೆ ಅವರ ಸೆರಗು ಹಿಡಿದು ತಿರುವಿದ್ದೆ, ಥೇಟ್ ನಿನ್ನ ಹಾಗೆ.

"ಏನ್ ನೋಡಾಕತ್ತೀರಿ?" ಅಂದರು. ಬಿಜಾಪುರದ ಕಡೆಯವರು.

"ತಪ್ಪ ತಿಳಿಬ್ಯಾಡ್ರಿ, ನಾವು ನೇಕಾರರು. ನೇಯ್ಗಿ ಹೆಂಗೈತಿ ಅಂತ ಹಿಂಬದಿ ನೋಡೂದು ನಮ್ಮವ್ವನ ರೂಢಿ. ಈಗ ಆಕಿ ಇಲ್ಲರಿ."

ಜಮಖಂಡಿಯ ಮದುವೆಯಲ್ಲಿ ನೀನು ಬೀಗಿತ್ತಿಯ ಸೆರಗು ತಿರುವಿದಾಗ, ನಾನು ಎಲ್ಲರೆದುರು ನಿನ್ನ ಕೈ ಜಾಡಿಸಿದ್ದೆ. ನೀನು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದೆ.

ಈ ಬಿಜಾಪುರದವರು ಸೆರಗು ಬಿಡಿಸಿಕೊಳ್ಳಲಿಲ್ಲ. ಇನ್ನಷ್ಟು ಬಿಚ್ಚಿ ನನ್ನ ಕೈಗೆ ಕೊಟ್ಟು, "ನಿಮ್ಮವ್ವನ ಪಾಲಿಂದೂ ನೋಡ್ರಿ" ಅಂದರು.

ಮಂಜು ಯಾವಾಗ ಸರಿಯಿತೋ ಗೊತ್ತಿಲ್ಲ, ನಾನು ಕಣಿವೆ ನೋಡಲೇ ಇಲ್ಲ. ನಿನ್ನ ಪಾಲಿನದನ್ನು ನಿಧಾನವಾಗಿ ನೋಡಿದೆ. ಹಿಂಬದಿಯಲ್ಲಿ ಒಂದು ಎಳೆಯೂ ಜೋತು ಬಿದ್ದಿರಲಿಲ್ಲ.

ನೇಯ್ದವರ ಕೈ ಛಲೋ ಇತ್ತವ್ವಾ.

ವೈಶಾಲಿ